ಮಿನಾರಗಳ ಕೆಳಗೆ ಒಂದು ಭಾಷಣ

1947ರ ಅಕ್ಟೋಬರ್. ದೆಹಲಿಯ ಜಾಮಾ ಮಸೀದಿಯಲ್ಲಿ ಮೌಲಾನಾ ಅಬುಲ್ ಕಲಾಂ ಆಝಾದ್ ಮಾತನಾಡಲು ಎದ್ದು ನಿಂತಾಗ ಅವರ ಮುಂದೆ ಕುಳಿತಿದ್ದವರು ಭಾಷಣ ಸವಿಯಲು ಬಂದವರಾಗಿರಲಿಲ್ಲ. ಒಂದು ತಿಂಗಳ ಹಿಂದಷ್ಟೇ ಕರೋಲ್‌ಬಾಗ್, ಪಹಾಡ್‌ಗಂಜ್, ಸಬ್ಜಿಮಂಡಿಗಳ ಮುಸ್ಲಿಮ್ ಮೊಹಲ್ಲಾಗಳಲ್ಲಿ ರಕ್ತ ಹರಿದಿತ್ತು. ಸಾವಿರಾರು ಜನ ಸತ್ತಿದ್ದರು. ಬದುಕುಳಿದವರು ಪುರಾನಾ ಕಿಲಾದಲ್ಲೂ ಹುಮಾಯೂನನ ಗೋರಿಯ ಆವರಣದಲ್ಲೂ ಬಯಲಲ್ಲಿ ಬಿದ್ದುಕೊಂಡಿದ್ದರು. ಅದೇ ಹೊತ್ತಿಗೆ ಪಶ್ಚಿಮ ಪಂಜಾಬಿನಿಂದ ಮನೆ ಮಠ, ಹೆಂಡತಿ ಮಕ್ಕಳನ್ನು ಕಳೆದುಕೊಂಡ ಹಿಂದೂಗಳೂ ಸಿಖ್ಖರೂ ದೆಹಲಿಗೆ ಬಂದು ಸೇರುತ್ತಿದ್ದರು. ಅವರಿಗೂ ಸೂರು ಬೇಕಿತ್ತು. ಖಾಲಿಯಾದ ಮುಸ್ಲಿಮರ ಮನೆ, ಕೆಲವೆಡೆ ಮಸೀದಿಗಳು ಕೂಡ, ಅವರ ಸೂರುಗಳಾದವು.

ಆ ದಿನಗಳಲ್ಲಿ ದೆಹಲಿಯ ಪ್ರತಿಯೊಂದು ಮುಸ್ಲಿಮ್ ಮನೆಯಲ್ಲೂ ಒಂದೇ ಪ್ರಶ್ನೆ. ಹೋಗುವುದೋ, ಉಳಿಯುವುದೋ? ಲಾಹೋರಿಗೆ ಹೋಗುವ ರೈಲು ಹತ್ತಿದರೆ ದಾರಿಯಲ್ಲಿ ಸಾವು ಕಾದಿರಬಹುದು. ಹತ್ತದಿದ್ದರೆ ಮನೆಬಾಗಿಲಲ್ಲೇ ಕಾದಿರಬಹುದು. ಇಂತಹ ಜನರ ಮುಂದೆ ನಿಂತು, ಹೋಗಬೇಡಿ ಎಂದು ಹೇಳುವ ಹೊಣೆ ಆಝಾದರ ಮೇಲೆ ಬಿತ್ತು. ಅವರು ಆಗ ಸ್ವತಂತ್ರ ಭಾರತದ ಶಿಕ್ಷಣ ಸಚಿವರು. ಆದರೆ ಸರಕಾರದ ಪರವಾಗಿ ಕೊಡುವಂಥದ್ದು ಅವರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ನಿಮ್ಮ ಮನೆಗೆ ಕಾವಲು ಕೊಡುತ್ತೇನೆ ಎಂದು ಎದೆ ತಟ್ಟಿ ಹೇಳುವ ಸ್ಥಿತಿಯಲ್ಲಿ ದೆಹಲಿಯ ಆಡಳಿತವೇ ಇರಲಿಲ್ಲ. ಉಳಿದದ್ದು ಮಾತೊಂದೇ. ಅದೂ ತರ್ಕದ ಮಾತಲ್ಲ; ತರ್ಕ ಮಾಡಿ ನೋಡಿದರೆ ಹೊರಡುವುದೇ ಸರಿ ಎಂದು ಯಾರಿಗಾದರೂ ಅನ್ನಿಸಬಹುದಿತ್ತು. ಆಝಾದ್ ನೇರವಾಗಿ ಕೇಳುಗರ ಎದೆಗೆ ಕೈ ಹಾಕಿದರು.

ಭಾವನೆಯನ್ನು ತಟ್ಟಿ ಜನರನ್ನು ಒಂದು ಕಡೆಗೆ ಒಲಿಸುವುದೆಂದರೆ ನಮ್ಮಲ್ಲಿ ಹಲವರಿಗೆ ಸ್ವಲ್ಪ ಅಗ್ಗದ ವಿದ್ಯೆ. ಕರಾವಳಿಯ ಊರುಗಳಲ್ಲಿ ರಾತ್ರಿಯ ಮತಪ್ರಸಂಗಗಳನ್ನು ಕೇಳಿ ಬೆಳೆದವರಿಗೆ ಇದರ ಪರಿಚಯ ಚೆನ್ನಾಗಿಯೇ ಇದೆ. ನಡುರಾತ್ರಿ ಹತ್ತಿರವಾಗುವಾಗ ಉಸ್ತಾದರ ಕಂಠ ಗದ್ಗದವಾಗುತ್ತದೆ, ಪರದೆಯ ಆಚೆಗೆ ಹೆಂಗಸರ ಬಿಕ್ಕು ಕೇಳಿಸುತ್ತದೆ, ಬೆಳಿಗ್ಗೆ ಎದ್ದಾಗ ಅತ್ತದ್ದು ನೆನಪಿರುತ್ತದೆ, ಯಾಕೆ ಅತ್ತದ್ದು ಎಂಬುದು ನೆನಪಿರುವುದಿಲ್ಲ. ರಾಜಕೀಯ ವೇದಿಕೆಗಳ ಕಥೆಯಂತೂ ಹೇಳುವುದೇ ಬೇಡ. ಅಲ್ಲಿ ಕಣ್ಣೀರಿಗಿಂತ ಸಿಟ್ಟು ಸುಲಭದ ಸರಕು. ಹಾಗೆಂದು ಭಾವನೆಯನ್ನು ಮುಟ್ಟುವ ಮಾತೆಲ್ಲ ಮೋಸವೆಂದು ತಳ್ಳಿಹಾಕಲಾಗುವುದಿಲ್ಲ. ಆ ಅಕ್ಟೋಬರಿನ ಭಾಷಣವನ್ನು ಸ್ವಲ್ಪ ಬಿಡಿಸಿ ನೋಡಿದರೆ ಅದರೊಳಗೆ ಎರಡು ಬಗೆಯ ಭಾವನೆಗಳು ಇರುವುದು ಕಾಣುತ್ತದೆ. ಒಂದರ ಬಗ್ಗೆ ನನಗೆ ತಕರಾರಿದೆ. ಇನ್ನೊಂದರ ಮುಂದೆ ಇಂದಿಗೂ ತಲೆ ಬಾಗುತ್ತದೆ.

ಅದಕ್ಕೆ ಮೊದಲು ಭಾಷಣಕಾರರ ಹಿನ್ನೆಲೆಯನ್ನು ಸ್ವಲ್ಪ ನೋಡಬೇಕು. ಭಾವನೆಯನ್ನು ಕೆರಳಿಸುವ ಕಲೆ ಆಝಾದರಿಗೆ ಹೊಸದಲ್ಲ. 1888ರಲ್ಲಿ ಮಕ್ಕಾದಲ್ಲಿ ಹುಟ್ಟಿ ಕಲ್ಕತ್ತಾದಲ್ಲಿ ಬೆಳೆದ ಅವರು 1912ರ ಜುಲೈಯಲ್ಲಿ ‘ಅಲ್ ಹಿಲಾಲ್’ ಪತ್ರಿಕೆ ಆರಂಭಿಸಿದಾಗ ವಯಸ್ಸು ಇನ್ನೂ 24 ತುಂಬಿರಲಿಲ್ಲ. ಟ್ರಿಪೋಲಿ, ಬಾಲ್ಕನ್ ಯುದ್ಧಗಳ ಕಾಲ ಅದು. ಅರಬಿ, ಫಾರಸಿ ತುಂಬಿದ ಆ ಭಾರದ ಉರ್ದು ಎಷ್ಟು ಜನ ಓದುಗರಿಗೆ ಪೂರ್ತಿ ಅರ್ಥವಾಗುತ್ತಿತ್ತೋ ಹೇಳುವುದು ಕಷ್ಟ. ಆದರೆ ಅದರ ಬಿಸಿ ಮಾತ್ರ ಎಲ್ಲರಿಗೂ ತಟ್ಟಿತು. ಬ್ರಿಟಿಷ್ ಸರಕಾರಕ್ಕೂ ತಟ್ಟಿತು. ಠೇವಣಿ ಕೇಳಿ, ಅದನ್ನು ಮುಟ್ಟುಗೋಲು ಹಾಕಿ, 1914ರಲ್ಲಿ ಪತ್ರಿಕೆ ನಿಲ್ಲುವಂತೆ ಮಾಡಿತು. ಮತ್ತೆ ‘ಅಲ್ ಬಲಾಗ್’ ತಂದಾಗ ಬಂಗಾಳದಿಂದಲೇ ಹೊರಹಾಕಿತು. ರಾಂಚಿಯಲ್ಲಿ ಮೂರು ವರ್ಷಕ್ಕೂ ಮಿಕ್ಕಿದ ನಿರ್ಬಂಧ ಮುಗಿಸಿ ಆಝಾದ್ ಹೊರಬಂದದ್ದು 1920ರ ಆರಂಭದಲ್ಲಿ, ಖಿಲಾಫತ್ ಚಳವಳಿ ಕಾವೇರುತ್ತಿದ್ದ ಹೊತ್ತಿನಲ್ಲಿ.

ಆ ವರ್ಷ ನಡೆದ ಒಂದು ಘಟನೆಯನ್ನು ಆಝಾದರ ಅಭಿಮಾನಿಗಳು ಸಾಮಾನ್ಯವಾಗಿ ನೆನಪಿಸುವುದಿಲ್ಲ. ಬ್ರಿಟಿಷರ ಕೆಳಗಿನ ಭಾರತವನ್ನು ಬಿಟ್ಟು ಹಿಜ್ರತ್ ಮಾಡಬೇಕು ಎಂಬ ಕೂಗು ಎದ್ದಿತ್ತು. ಅಫ್ಘಾನಿಸ್ತಾನದ ಅಮೀರ್ ಅಮಾನುಲ್ಲಾ ಬಂದವರಿಗೆ ಸ್ವಾಗತವಿದೆ ಎಂದಿದ್ದರು. ಆಝಾದ್ ಫತ್ವಾ ಕೊಟ್ಟರು. ಭಾರತದ ಮುಸ್ಲಿಮರಿಗೆ ಶರೀಅತ್ತಿನ ಪ್ರಕಾರ ಹಿಜ್ರತ್ತಿನ ಹೊರತು ದಾರಿಯಿಲ್ಲ, ಹೋಗಲಾಗದವರು ಹೋಗುವವರಿಗೆ ನೆರವಾಗಬೇಕು ಎಂಬುದು ಅದರ ಸಾರ. ಹಿಜ್ರತ್ ಎಂಬುದು ಮುಸ್ಲಿಮರ ಕಿವಿಯಲ್ಲಿ ಬರಿಯ ವಲಸೆಯಲ್ಲ. ಮಕ್ಕಾದಿಂದ ಮದೀನಕ್ಕೆ ಪ್ರವಾದಿ(ಸ) ನಡೆದ ದಾರಿ ಆ ಒಂದು ಶಬ್ದದೊಳಗಿದೆ. ಸರಹದ್ದು ಪ್ರಾಂತ್ಯದ, ಸಿಂಧ್‌ನ ಬಡ ರೈತರು ಹೊಲ, ಎತ್ತು, ಮನೆಯನ್ನು ಸಿಕ್ಕಿದ ಬೆಲೆಗೆ ಮಾರಿ ಗಾಡಿ ಕಟ್ಟಿದರು. ಕಡಿಮೆಯೆಂದರೂ 18 ಸಾವಿರ ಜನ ಆ ಬೇಸಗೆಯಲ್ಲಿ ಖೈಬರ್ ದಾಟಿದರು. ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚೆಂದು ಹೇಳುವವರೂ ಇದ್ದಾರೆ. ಬಡ ದೇಶವಾದ ಅಫ್ಘಾನಿಸ್ತಾನಕ್ಕೆ ಅವರನ್ನು ಸಾಕುವ ಶಕ್ತಿಯಿರಲಿಲ್ಲ. ಆಗಸ್ಟ್‌ನಲ್ಲಿ ಅದು ಬಾಗಿಲು ಮುಚ್ಚಿತು. ಹಿಂತಿರುಗುವ ದಾರಿಯಲ್ಲಿ ಹಸಿವು, ಬಿಸಿಲು, ರೋಗದಿಂದ ಅನೇಕರು ಸತ್ತರು. ಊರು ಮುಟ್ಟಿದವರಿಗೆ ಊರಿನಲ್ಲಿ ಏನೂ ಉಳಿದಿರಲಿಲ್ಲ. ಫತ್ವಾ ಕೊಟ್ಟ ಆಝಾದ್ ತಾವು ಹೋಗಿರಲಿಲ್ಲ.

27 ವರ್ಷಗಳ ಬಳಿಕ ಜಾಮಾ ಮಸೀದಿಯಲ್ಲಿ ಹೋಗಬೇಡಿ ಎಂದು ಹೇಳಲು ನಿಂತದ್ದು ಇದೇ ವ್ಯಕ್ತಿ. 1920ರ ನೆನಪು ಅವರ ಮನಸ್ಸಿನಲ್ಲಿತ್ತೋ ಇಲ್ಲವೋ, ಭಾಷಣದಲ್ಲಿ ಅದರ ಪ್ರಸ್ತಾಪವಿಲ್ಲ. ಆದರೆ ಆ ಶಬ್ದದ ಪ್ರಸ್ತಾಪವಿದೆ. ಅದಕ್ಕೆ ಮುಂದೆ ಬರುತ್ತೇನೆ.

ಭಾಷಣದ ಮೊದಲ ಭಾಗ ದೂರಿನದು. ಶಾಹಜಹಾನನ ಈ ಮಸೀದಿಯಲ್ಲಿ ನಿಮ್ಮೊಡನೆ ಮಾತನಾಡುತ್ತಿರುವುದು ಇದೇ ಮೊದಲಲ್ಲ ಎಂದು ಅವರು ಆರಂಭಿಸಿದರು. ಅಂದು ನಿಮ್ಮ ಮುಖದಲ್ಲಿ ನೆಮ್ಮದಿಯಿತ್ತು, ಇಂದು ಕಳವಳವಿದೆ, ಅದನ್ನು ನೋಡುವಾಗ ಹಳೆಯದೆಲ್ಲ ನೆನಪಾಗುತ್ತದೆ ಎಂದರು. ಬಳಿಕ ಹಳೆಯದನ್ನು ಎತ್ತಿದರು. ತಾನು ಕೂಗಿ ಕರೆದಾಗ ಇವರು ನಾಲಗೆ ಕತ್ತರಿಸಿದರು, ಲೇಖನಿ ಹಿಡಿದಾಗ ಕೈ ಕಡಿದರು, ನಡೆಯಹೊರಟಾಗ ಕಾಲು ತುಂಡರಿಸಿದರು ಎಂದು ಒಂದೊಂದಾಗಿ ಎಣಿಸುತ್ತಾ ಹೋದರು. ಎಚ್ಚರಿಸಿದ್ದೆ, ನೀವು ಕೇಳಲಿಲ್ಲ. ಈಗ ನನ್ನ ತಾಯ್ನಾಡಿನಲ್ಲೇ ನಾನು ಪರದೇಶಿ ಎಂಬುದು ಈ ಭಾಗದ ತಿರುಳು.

ಈ ನೋವು ನಟನೆಯದಲ್ಲ. ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಆಝಾದರನ್ನು 1940ರಲ್ಲಿ ಜಿನ್ನಾ, ಕಾಂಗ್ರೆಸ್ ತೋರಿಕೆಗೆ ಇಟ್ಟುಕೊಂಡ ಮುಸ್ಲಿಮ್ ಎಂದು ತಂತಿ ಕಳಿಸಿ ಹೀಯಾಳಿಸಿದ್ದರು. ಚುನಾವಣೆಯ ಬಿಸಿಯ ದಿನಗಳಲ್ಲಿ ಅಲಿಗಢದ ರೈಲು ನಿಲ್ದಾಣದಲ್ಲಿ ವಿದ್ಯಾರ್ಥಿಗಳ ಗುಂಪೊಂದು ಅವರನ್ನು ಅವಮಾನಿಸಿತು. ಕೇಂದ್ರ ಶಾಸನಸಭೆಯ 30 ಮುಸ್ಲಿಮ್ ಸ್ಥಾನಗಳನ್ನೂ ಲೀಗ್ ಗೆದ್ದುಕೊಂಡಿತು. ಅಹ್ಮದ್‌ನಗರದ ಕೋಟೆಯಲ್ಲಿ ಅವರು ಬಂಧಿಯಾಗಿದ್ದಾಗ, 1943ರಲ್ಲಿ, ಪತ್ನಿ ಝುಲೈಖಾ ಬೇಗಂ ಕಲ್ಕತ್ತಾದಲ್ಲಿ ತೀರಿಕೊಂಡಿದ್ದರು. ಇಷ್ಟೆಲ್ಲ ತೆತ್ತ ಮನುಷ್ಯನ ಗಂಟಲಲ್ಲಿ ಕಹಿ ಇಲ್ಲದಿದ್ದರೆ ಆಶ್ಚರ್ಯ.

ನನ್ನ ತಕರಾರಿರುವುದು ಆ ಕಹಿ ಸತ್ಯವೇ ಎಂಬುದರ ಬಗ್ಗೆ ಅಲ್ಲ, ಅದನ್ನು ಯಾರ ಮುಂದೆ ಉಗುಳಿದರು ಎಂಬುದರ ಬಗ್ಗೆ. 1945-46ರ ಚುನಾವಣೆಗಳಲ್ಲಿ ಮತದ ಹಕ್ಕಿದ್ದುದು ಆಸ್ತಿ, ತೆರಿಗೆ, ವಿದ್ಯೆಯ ಲೆಕ್ಕದಲ್ಲಿ ಕೆಲವರಿಗೆ ಮಾತ್ರ. ಅಂದು ದೆಹಲಿಯಲ್ಲಿ ಉಳಿದಿದ್ದ ಗಾಡಿಯವನು, ಕಸಾಯಿ, ದರ್ಜಿ, ವಿಧವೆ ಯಾರ ನಾಲಗೆಯನ್ನು ಕತ್ತರಿಸಿದ್ದರು? ಲೀಗಿನ ದೊಡ್ಡವರು, ಕತ್ತರಿಸಿದವರು, ಅದಾಗಲೇ ಕರಾಚಿಯಲ್ಲಿದ್ದರು. ದೂರು ತಲುಪಬೇಕಾದವರು ಹೋಗಿಯಾಗಿತ್ತು, ತಲುಪಿದ್ದು ಗಾಯಗೊಂಡು ಉಳಿದವರಿಗೆ. ಇನ್ನೊಂದು ಮಾತನ್ನೂ ಹೇಳಬೇಕು. ವಿಭಜನೆಯನ್ನು ಒಪ್ಪಿಕೊಂಡ ಕಾಂಗ್ರೆಸ್ ಕಾರ್ಯಸಮಿತಿಯ ಸಭೆಯಲ್ಲಿ ಆಝಾದ್ ಒಂದು ಮೂಲೆಯಲ್ಲಿ ಕುಳಿತು ಸಿಗರೇಟು ಸೇದುತ್ತಾ ಮಾತೇ ಆಡಲಿಲ್ಲ ಎಂದು ರಾಮಮನೋಹರ ಲೋಹಿಯಾ ಮುಂದೆ ತಮ್ಮ ಪುಸ್ತಕದಲ್ಲಿ ಬರೆದರು. ಲೋಹಿಯಾ ಆ ಸಭೆಯಲ್ಲಿದ್ದವರು, ಆಝಾದರ ಮೇಲೆ ಅವರಿಗೆ ಸಿಟ್ಟೂ ಇತ್ತು. ಆ ಸಿಟ್ಟನ್ನು ಕಳೆದು ಓದಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಮೌನದ ಪಾಲು ಕೇಳುಗರದ್ದು ಮಾತ್ರವೇ?

ಇಲ್ಲಿ ನನಗೆ ಜಿಇರ್ರಾನದ ಪ್ರಸಂಗ ನೆನಪಾಗುತ್ತದೆ. ಆಝಾದರಂತಹ ವಿದ್ವಾಂಸರಿಗೆ ಅದು ಬಾಯಿಪಾಠವಾಗಿದ್ದಿರಲೇಬೇಕು. ಹಿ. 8ನೇ ವರ್ಷ, ಅಂದರೆ ಕ್ರಿ.ಶ. 630. ಹುನೈನ್ ಯುದ್ಧದ ಸಮರಾರ್ಜಿತ ಸೊತ್ತನ್ನು ಪ್ರವಾದಿ(ಸ) ಮಕ್ಕಾ ಬಳಿಯ ಜಿಇರ್ರಾನದಲ್ಲಿ ಹಂಚಿದರು. ಹೊಸದಾಗಿ ಇಸ್ಲಾಮಿಗೆ ಬಂದ ಕುರೈಶ್ ಮುಖಂಡರಿಗೆ, ಅಬೂ ಸುಫ್ಯಾನ್‌ರಂಥವರಿಗೆ, ನೂರು ನೂರು ಒಂಟೆ ಸಿಕ್ಕಿತು. ಕಷ್ಟಕಾಲದಲ್ಲಿ ಆಶ್ರಯ ಕೊಟ್ಟ ಮದೀನದ ಅನ್ಸಾರರಿಗೆ ಸಿಕ್ಕಿದ್ದು ಶೂನ್ಯ. ಅವರಲ್ಲಿ ಗುಸುಗುಸು ಎದ್ದಿತು. ತನ್ನವರು ಸಿಕ್ಕಿದ ಕೂಡಲೇ ನಮ್ಮನ್ನು ಮರೆತರು ಎಂಬ ಮಾತೂ ಬಂತು. ಸಅದ್ ಬಿನ್ ಉಬಾದ ಬಂದು ಪ್ರವಾದಿಯವರಿಗೆ ವಿಷಯ ತಿಳಿಸಿದರು. ನೀವೇನು ಹೇಳುತ್ತೀರಿ ಎಂದು ಕೇಳಿದಾಗ, ನಾನೂ ನನ್ನ ಜನರಲ್ಲೊಬ್ಬ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಹಾಗಾದರೆ ಅವರೆಲ್ಲರನ್ನೂ ಒಂದೆಡೆ ಸೇರಿಸಿ ಎಂದರು ಪ್ರವಾದಿ.

ಆ ಸಭೆಯಲ್ಲಿ ಮೊದಲು ಅವರು ಅನ್ಸಾರರಿಗೆ ತಮ್ಮಿಂದಾದ ಒಳಿತನ್ನು ನೆನಪಿಸಿದರು. ದಾರಿ ತಪ್ಪಿದ್ದಿರಿ, ಪರಸ್ಪರ ಹಗೆಗಳಾಗಿದ್ದಿರಿ, ಅಲ್ಲಾಹನು ನಿಮ್ಮನ್ನು ಒಂದುಗೂಡಿಸಿದ, ಅಲ್ಲವೇ? ಅವರು ಹೌದೆಂದರು. ಇಷ್ಟಕ್ಕೆ ನಿಲ್ಲಿಸಿದ್ದರೆ ಅದು ಯಾವ ನಾಯಕನೂ ಮಾಡಬಹುದಾದ ಭಾಷಣ. ಆದರೆ ಅವರು ಮುಂದುವರಿದು, ನೀವೇಕೆ ನನಗೆ ಉತ್ತರ ಕೊಡುವುದಿಲ್ಲ ಎಂದು ಕೇಳಿದರು. ಎಲ್ಲರೂ ಸುಳ್ಳನೆಂದಾಗ ನಾವು ನಿಮ್ಮನ್ನು ನಂಬಿದೆವು, ಎಲ್ಲರೂ ಕೈಬಿಟ್ಟಾಗ ನೆರವಾದೆವು, ಓಡಿಸಲ್ಪಟ್ಟು ಬಂದಾಗ ಆಶ್ರಯ ಕೊಟ್ಟೆವು ಎಂದು ನೀವು ಹೇಳಬಹುದಲ್ಲ, ಹೇಳಿದರೆ ಅದು ಸತ್ಯವೇ ಅಲ್ಲವೇ ಎಂದರು. ಕೇಳುಗರ ದೂರನ್ನು ಕೇಳುಗರಿಗಿಂತ ಚೆನ್ನಾಗಿ, ಅವರ ಪರವಾಗಿ, ತಾವೇ ಆಡಿದರು. ಆಮೇಲಷ್ಟೇ, ಜನರು ಆಡು ಒಂಟೆಗಳೊಂದಿಗೆ ಮನೆಗೆ ಮರಳುವಾಗ ನೀವು ಅಲ್ಲಾಹನ ಸಂದೇಶವಾಹಕನೊಂದಿಗೆ ಮರಳುವುದು ಸಾಲದೇ ಎಂದು ಕೇಳಿದರು. ಅನ್ಸಾರರ ಗಡ್ಡಗಳು ಕಣ್ಣೀರಿನಿಂದ ತೋಯ್ದವು ಎಂದು ಹದೀಸ್ ವರದಿಗಳು ಹೇಳುತ್ತವೆ.

ಎರಡೂ ಕಡೆ ಕೇಳುಗರು ನೊಂದವರೇ. ಎರಡೂ ಕಡೆ ಮಾತು ಹೃದಯವನ್ನು ಮುಟ್ಟುವಂಥದ್ದೇ. ಆದರೆ ಜಿಇರ್ರಾನದಲ್ಲಿ ಮೊದಲು ಮನ್ನಣೆ ಪಡೆದದ್ದು ಕೇಳುಗರ ನೋವು. ಜಾಮಾ ಮಸೀದಿಯಲ್ಲಿ ಮೊದಲು ಬಂದದ್ದು ಭಾಷಣಕಾರರ ನೋವು. ಪ್ರವಾದಿಯವರೊಂದಿಗೆ ಯಾರನ್ನೂ ತೂಗಿ ನೋಡುವುದು ನನ್ನ ಉದ್ದೇಶವಲ್ಲ. ನೊಂದವರೊಂದಿಗೆ ಮಾತನಾಡುವಾಗ ಎಲ್ಲಿಂದ ಆರಂಭಿಸಬೇಕು ಎಂಬುದಕ್ಕೆ ನಮ್ಮ ಮುಂದಿರುವ ಮಾದರಿ ಅದು, ಅಷ್ಟೆ.

ಈಗ ಭಾಷಣದ ಎರಡನೇ ಭಾಗ. ದೂರು ಮುಗಿಸಿದ ಮೇಲೆ ಆಝಾದರ ಧಾಟಿ ಬದಲಾಗುತ್ತದೆ. ಎಲ್ಲಿಗೆ ಹೋಗುತ್ತಿದ್ದೀರಿ, ಯಾಕೆ ಹೋಗುತ್ತಿದ್ದೀರಿ ಎಂದು ಕೇಳಿ, ಕಣ್ಣೆತ್ತಿ ನೋಡಿ ಎಂದರು. ಈ ಮಸೀದಿಯ ಮಿನಾರಗಳು ಬಾಗಿ, ನಿಮ್ಮ ಚರಿತ್ರೆಯ ಪುಟಗಳನ್ನು ಎಲ್ಲಿ ಕಳೆದುಕೊಂಡಿರಿ ಎಂದು ವಿಚಾರಿಸುತ್ತಿವೆ ಎಂದರು. ನಿನ್ನೆ ಮೊನ್ನೆಯಷ್ಟೇ ನಿಮ್ಮ ಕಾಫಿಲಗಳು ಜಮುನೆಯ ದಡದಲ್ಲಿ ವುಝೂ ಮಾಡಿದ್ದವು, ನಿಮ್ಮ ರಕ್ತದಿಂದ ಬೆಳೆದ ದೆಹಲಿಯಲ್ಲಿ ಬದುಕಲು ಇಂದು ನೀವು ಹೆದರುತ್ತಿದ್ದೀರಿ ಎಂದರು. ಇಲ್ಲಿ ‘ನಾನು’ ಹಿಂದೆ ಸರಿದು ‘ನೀವು’ ಮುಂದೆ ಬರುತ್ತದೆ. ಆಗಷ್ಟೇ ಬೈಸಿಕೊಂಡವರ ಕೈಗೆ ಅವರದೇ ಊರನ್ನು ಮರಳಿ ಕೊಡುತ್ತಾರೆ. ಅಲ್ಲಿ ಕುಳಿತವರು ಎಂದೋ ನೋಡಿದ ಅಥವಾ ಯಾರೋ ಹೇಳಿದ ಮಿನಾರಗಳಲ್ಲ ಅವು. ತಲೆ ಎತ್ತಿದರೆ ಕಾಣುತ್ತಿದ್ದವು.

ಹಿಜ್ರತ್ ಶಬ್ದ ಬರುವುದು ಇದೇ ಸಂದರ್ಭದಲ್ಲಿ. ಹಿಜ್ರತ್ತಿನ ಪವಿತ್ರ ಹೆಸರಿನಲ್ಲಿ ನೀವು ಹಿಡಿದಿರುವ ಪಲಾಯನದ ದಾರಿಯ ಬಗ್ಗೆ ಮತ್ತೊಮ್ಮೆ ಯೋಚಿಸಿ ಎಂದರು ಆಝಾದ್. ಒಂದು ಶಬ್ದದ ಭಾವಶಕ್ತಿ ಎಷ್ಟೆಂದು ಭಾರತದಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. 1920ರಲ್ಲಿ ಅದನ್ನು ಬಳಸಿದ್ದರು, ಜನ ಎತ್ತು ಮಾರಿ ಹೊರಟಿದ್ದರು. 1947ರಲ್ಲಿ ಆ ಶಬ್ದವನ್ನು ಜನರ ಕೈಯಿಂದ ಮೆಲ್ಲನೆ ಬಿಡಿಸಿಕೊಂಡರು. ಭಯದಿಂದ ಓಡುವುದಕ್ಕೆ ಓಡುವುದೆಂದೇ ಹೆಸರು, ಅದಕ್ಕೆ ಧರ್ಮದ ಹೊದಿಕೆ ಬೇಡ ಎಂದಂತಾಯಿತು. ಭಾವನೆಯನ್ನು ಉಕ್ಕಿಸುವ ಮಾತುಗಾರರು ನೂರಾರು ಸಿಗುತ್ತಾರೆ. ತಾವೇ ಒಮ್ಮೆ ಉಕ್ಕಿಸಿದ್ದನ್ನು ಇಳಿಸುವವರು ಅಪರೂಪ.

ಇನ್ನೂ ಒಂದು ವಿಷಯವನ್ನು ಗಮನಿಸಬೇಕು. ಎದುರಿಗೆ ಮನೆಮಂದಿಯನ್ನು ಕಳೆದುಕೊಂಡ ಜನ, ಸುತ್ತ ಹಗೆಯ ಗಾಳಿ. ಹಿಂದೂಗಳ ಮೇಲೋ ಸಿಖ್ಖರ ಮೇಲೋ ಒಂದು ಕಿಡಿ ಹಾರಿಸಿದ್ದರೆ ಸಾಕಿತ್ತು, ಇಡೀ ಅಂಗಳ ಅವರೊಂದಿಗೆ ಏಳುತ್ತಿತ್ತು. ಆ ಸುಲಭದ ದಾರಿಯನ್ನು ಅವರು ಹಿಡಿಯಲಿಲ್ಲ. ಹೊಸ ಅಧಿಕಾರದ ಮುಂದೆ ನಿಷ್ಠೆಯ ಸರ್ಟಿಫಿಕೇಟಿಗಾಗಿ ಕೈಯೊಡ್ಡಿ ಬಾಲಬಡುಕರ ಬದುಕು ಬದುಕಿ ಎಂದೂ ಹೇಳಲಿಲ್ಲ. ಅದು ನನಗೆ ಬೇಕಿಲ್ಲ ಎಂದು ಬಿಡಿಸಿಯೇ ಹೇಳಿದರು. ಒಬ್ಬ ಕೇಂದ್ರ ಸಚಿವ ಆ ದಿನಗಳಲ್ಲಿ ಆಡಿದ ಮಾತಿದು. ತನ್ನಲ್ಲಿ ಹೊಸ ಮದ್ದೇನೂ ಇಲ್ಲ, ಇರುವುದು ಖುರ್‌ಆನ್ ಕೊಟ್ಟ ಹಳೆಯ ಮದ್ದೇ ಎಂದು, ಎದೆಗುಂದಬೇಡಿ ಎಂಬ ಅದರ ಸಾಂತ್ವನದೊಂದಿಗೆ ಮಾತು ಮುಗಿಸಿದರು.

ಭಾಷಣ ಕೇಳಿ ಜನ ಕಟ್ಟಿದ ಗಂಟುಗಳನ್ನು ಬಿಚ್ಚಿದರು ಎಂದು ಹೇಳುವುದುಂಟು. ಕೆಲವರು ಬಿಚ್ಚಿರಲೂಬಹುದು, ದೆಹಲಿಯಲ್ಲಿ ಇಂದಿಗೂ ಬದುಕುತ್ತಿರುವ ಎಷ್ಟೋ ಕುಟುಂಬಗಳು ಅಂದು ಉಳಿದವರ ಸಂತತಿಯೇ. ಆದರೆ ಅಂಕಿ ಅಂಶ ಬೇರೆ ಕಥೆ ಹೇಳುತ್ತದೆ. 1941ರ ಜನಗಣತಿಯಲ್ಲಿ ದೆಹಲಿಯ ಜನಸಂಖ್ಯೆಯ ಸುಮಾರು ಮೂರನೇ ಒಂದು ಪಾಲು ಮುಸ್ಲಿಮರಿದ್ದರು. 1951ರಲ್ಲಿ ಉಳಿದದ್ದು ಶೇ. 6ಕ್ಕೂ ಕಡಿಮೆ. ಗಲಭೆಯ ದಿನಗಳಲ್ಲಿ ಹೆದರಿ ಹೋದವರಲ್ಲಿ ಹಲವರು ಶಾಂತವಾದ ಮೇಲೆ ಮರಳಿ ಬರಲು ನೋಡಿದರು. 1948ರ ಜುಲೈಯಲ್ಲಿ ಪರ್ಮಿಟ್ ಪದ್ಧತಿ ಬಂದು ಆ ಬಾಗಿಲೂ ಕಿರಿದಾಯಿತು. ಉರ್ದುವಿನ ಅಷ್ಟು ದೊಡ್ಡ ಮಾತುಗಾರ, ಅಷ್ಟು ದೊಡ್ಡ ಮಸೀದಿಯಲ್ಲಿ, ಎದೆ ಬಿರಿಯುವಂತೆ ಮಾತನಾಡಿದ ಬಳಿಕವೂ ಜನ ಹೋದರು.

ಯಾಕೆ? ಅವರಲ್ಲಿ ಊರಿನ ಪ್ರೀತಿ ಇಲ್ಲದ್ದರಿಂದಲೋ ಈಮಾನ್ ಕಡಿಮೆಯಾದ್ದರಿಂದಲೋ ಅಲ್ಲ. ಹೆದರಿದವನಿಗೆ ಹೆದರಬೇಡ ಎಂದರೆ ಅರ್ಧ ಕೆಲಸವಷ್ಟೇ ಆಗುತ್ತದೆ. ಹೆದರಿಸುವವನ ಎದೆಯನ್ನೂ ಯಾರಾದರೂ ತಟ್ಟಬೇಕು. ಆಝಾದರಿಗೆ ಆ ಇನ್ನೊಂದು ಸಭೆಯ ಮುಂದೆ ಅಂತಹ ಅಧಿಕಾರವಿರಲಿಲ್ಲ. ಆ ಅಧಿಕಾರವಿದ್ದ ಮುದುಕ ಬಿರ್ಲಾ ಭವನದಲ್ಲಿದ್ದರು.

1948ರ ಜನವರಿ 13ರಂದು ಗಾಂಧೀಜಿ ಉಪವಾಸ ಕುಳಿತರು. ಇದೂ ಭಾವನೆಗೆ ಇಟ್ಟ ಮೊರೆಯೇ. ಬಲವಂತವೆಂದು ಟೀಕಿಸಿದವರು ಅಂದೂ ಇದ್ದರು, ಗಾಂಧಿ ಸಾಯಲಿ ಎಂದು ಬಿರ್ಲಾ ಭವನದ ಹೊರಗೆ ಕೂಗಿದವರೂ ಇದ್ದರು. ಪಂಜಾಬಿನಲ್ಲಿ ಎಲ್ಲವನ್ನೂ ಕಳೆದುಕೊಂಡವನ ಕಿವಿಗೆ ಆ ಉಪವಾಸ ಅನ್ಯಾಯವೆಂದೇ ಕೇಳಿಸಿರಬೇಕು, ಅದನ್ನು ಅಲ್ಲಗಳೆಯಲಾಗದು. ಆದರೆ ಅವರು ಕೇಳಿದ್ದು ಬರಿಯ ಕಣ್ಣೀರನ್ನಲ್ಲ, ಒಂದೊಂದಾಗಿ ಎಣಿಸಬಹುದಾದ ಕೆಲಸಗಳನ್ನು. ವಶಪಡಿಸಿಕೊಂಡ ಮಸೀದಿಗಳನ್ನು ಮರಳಿಸಬೇಕು. ಮುಸ್ಲಿಮರು ಊರಲ್ಲಿ, ರೈಲಿನಲ್ಲಿ ನಿರ್ಭಯವಾಗಿ ಓಡಾಡುವಂತಾಗಬೇಕು. ವ್ಯಾಪಾರದ ಬಹಿಷ್ಕಾರ ನಿಲ್ಲಬೇಕು. ಹೋದವರು ಮರಳಿ ಬರಬಯಸಿದರೆ ತಡೆಯಬಾರದು. ಮೆಹ್ರೌಲಿಯಲ್ಲಿ ಖ್ವಾಜಾ ಕುತ್ಬುದ್ದೀನ್ ಬಖ್ತಿಯಾರ್ ಕಾಕಿಯವರ ಉರೂಸ್ ಎಂದಿನಂತೆ ನಡೆಯಬೇಕು. 18ರಂದು ಹಿಂದೂ, ಸಿಖ್, ಮುಸ್ಲಿಮ್ ಮುಖಂಡರೆಲ್ಲ ಇವನ್ನು ನಡೆಸಿಕೊಡುವುದಾಗಿ ಸಹಿ ಹಾಕಿದ ಪತ್ರದೊಂದಿಗೆ ಬಂದರು. ಹಣ್ಣಿನ ರಸದ ಲೋಟವನ್ನು ಗಾಂಧೀಜಿಯ ಕೈಗೆ ಕೊಟ್ಟವರು ಮೌಲಾನಾ ಆಝಾದ್.

ಇಂದು ಪ್ರತಿ ನವೆಂಬರ್ 11ರಂದು, ಆಝಾದರ ಹುಟ್ಟುಹಬ್ಬದ ಶಿಕ್ಷಣ ದಿನದಲ್ಲಿ, ಜಾಮಾ ಮಸೀದಿಯ ಭಾಷಣವನ್ನು ನಮ್ಮ ಸಭೆಗಳಲ್ಲಿ ನೆನಪಿಸಿಕೊಳ್ಳುವುದುಂಟು. ನಾನು ಕಂಡಂತೆ ಹೆಚ್ಚಾಗಿ ನೆನಪಿಸುವುದು ಆ ಮೊದಲ ಭಾಗವನ್ನೇ, ನಾಲಗೆ ಕತ್ತರಿಸಿದಿರಿ, ಕೈ ಕಡಿದಿರಿ ಎಂಬ ದೂರನ್ನು. ಸಮುದಾಯವನ್ನು ಬೈಯಲು ಅದು ಎಲ್ಲರಿಗೂ ಒದಗುತ್ತದೆ, ಒಳಗಿನವರಿಗೂ, ಹೊರಗಿನವರಿಗೂ. ಮಿನಾರಗಳ ಮಾತನ್ನು, ಸರ್ಟಿಫಿಕೇಟು ಬೇಡವೆಂಬ ಮಾತನ್ನು ಎತ್ತುವವರು ಕಡಿಮೆ.

ಮೆಹ್ರೌಲಿಯ ಉರೂಸ್ ಆ ವರ್ಷ ನಡೆಯಿತು. ಜನವರಿ 27ರಂದು ಗಾಂಧೀಜಿ ಸ್ವತಃ ಅಲ್ಲಿಗೆ ಹೋದರು. ಗಲಭೆಯಲ್ಲಿ ಒಡೆದುಹಾಕಿದ್ದ ದರ್ಗಾದ ಅಮೃತಶಿಲೆಯ ಜಾಲರಿಗಳನ್ನು ನೋಡಿ ನೊಂದುಕೊಂಡರು. ಹಿಂದೂಗಳೂ ಸಿಖ್ಖರೂ ಮುಸ್ಲಿಮರೊಂದಿಗೆ ಉರೂಸಿಗೆ ಬಂದಿದ್ದರು. ಮೂರು ದಿನಗಳ ಬಳಿಕ, 30ರ ಸಂಜೆ, ಪ್ರಾರ್ಥನಾ ಸಭೆಗೆ ನಡೆದು ಹೋಗುತ್ತಿದ್ದ ಗಾಂಧೀಜಿಯನ್ನು ಗುಂಡಿಟ್ಟು ಕೊಂದರು.